ಆರಕ್ಕೆ ಹೊರಡುವವರ ಮೇಲೆ ಸಿಟ್ಟು ಯಾಕೆ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ಮ್ಯಾನೇಜರ್ ಮಾತೆತ್ತಿದರೆ ‘ನಾವೆಲ್ಲ ಒಂದೇ ಫ್ಯಾಮಿಲಿ’ ಅನ್ನುತ್ತಾರೆ, ರಾತ್ರಿ ಒಂಬತ್ತಕ್ಕೆ ಕಾಲ್ ಇಡುತ್ತಾರೆ. ಹೊಸ ಹುಡುಗರು ಆರಕ್ಕೆ ಬ್ಯಾಗ್ ಏರಿಸಿ ಹೊರಡುತ್ತಾರೆ. ಉಳಿದದ್ದೆಲ್ಲ ನನ್ನ ತಲೆಗೆ. ಅವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಈಗ ಕಂಪನಿಯ ಕಲ್ಚರ್ ಬಗ್ಗೆ ಹೆಸರು ಹಾಕದ ಸರ್ವೇ ಬಂದಿದೆ. ಇದ್ದದ್ದು ಇದ್ದ ಹಾಗೆ ಬರೆಯಲೇ? ಸಿಕ್ಕಿಬಿದ್ದರೆ? ಮನೆ ಸಾಲವಿದೆ, ಮಗಳ ಫೀಸಿದೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗಾಗಿದೆ ನಿಮ್ಮ ಕಥೆ. ಒಂಬತ್ತಕ್ಕೆ ಕಾಲ್ ಇಟ್ಟವರು ಆ ಹುಡುಗರಲ್ಲವಲ್ಲ.

ವಯಸ್ಸು ನೋಡಿದರೆ ನೀವು 2009ರ ಆಸುಪಾಸಿನ ಬ್ಯಾಚು. ಅಮೆರಿಕದ ಬ್ಯಾಂಕುಗಳು ಮುಳುಗಿ, ಆಫರ್ ಲೆಟರ್ ಕೈಯಲ್ಲಿದ್ದರೂ ಎಷ್ಟೋ ಜನ ಜಾಯಿನಿಂಗ್ ತಾರೀಖಿಗೆ ತಿಂಗಳುಗಟ್ಟಲೆ ಕಾದ ಕಾಲ ಅದು. ಕೆಲಸ ಸಿಕ್ಕಿದ್ದೇ ಪುಣ್ಯ ಅಂದುಕೊಂಡು ಬೆಳೆದ ನಿಮ್ಮಂಥ ಮಿಲೆನಿಯಲ್‌ಗಳಿಗೆ ‘ಆಗಲ್ಲ’ ಅನ್ನಲು ಬಾಯಿ ಬರುವುದಿಲ್ಲ. ಈ ಹುಡುಗರು ಕಂಡಿದ್ದೇ ಬೇರೆ. 2022–23ರಲ್ಲಿ ದೊಡ್ಡ ದೊಡ್ಡ ಟೆಕ್ ಕಂಪನಿಗಳು ಒಂದು ಇಮೇಲ್ ಕಳಿಸಿ ಸಾವಿರಾರು ಜನರನ್ನು ಮನೆಗೆ ಅಟ್ಟಿದ್ದನ್ನು ನೋಡಿದವರು. ‘ಫ್ಯಾಮಿಲಿ’ ಅಂದರೆ ಅವರಿಗೆ ನಗು ಬರುತ್ತದೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಅಂದಾಗ ಅವರು ಮೀಮ್ ಮಾಡಿದರು. ನೀವು ಬೆರಳಲ್ಲಿ ಲೆಕ್ಕ ಹಾಕಿ, ‘ಅಯ್ಯೋ, ನಂದು ಆಗಲೇ ಅಷ್ಟಾಗಿದೆ’ ಅಂದುಕೊಂಡಿರಬೇಕು!

ಅಂದಹಾಗೆ, ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಆರಕ್ಕೆ ಏಳುವವರು ಕದ್ದು ಓಡುತ್ತಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಹಿ. ಉಳಿದ ಕೆಲಸವನ್ನು ನೀವು ರಾತ್ರಿ ಕೂತು ಸುಮ್ನೆ ಮುಗಿಸಿಬಿಟ್ಟರೆ ಮೇಲಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಲಸ ಜಾಸ್ತಿಯೋ, ಜನ ಕಮ್ಮಿಯೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಸೋಮವಾರದಿಂದ ಸಂಜೆ ಐದೂವರೆಗೆ ಒಂದು ಮೇಲ್ ಹಾಕಿ: ಇಷ್ಟಾಯಿತು, ಇಷ್ಟು ಉಳಿಯಿತು, ನಾಳೆ ಯಾವುದು ಮೊದಲು ಬೇಕು? ಉಳಿದದ್ದು ಉಳಿಯಲಿ. ಮೊದಲ ವಾರ ಹೊಟ್ಟೆಯಲ್ಲಿ ತಳಮಳ ಆಗುತ್ತದೆ, ಆಗಲಿ. ಕ್ಲೈಂಟ್ ಅಮೆರಿಕದಲ್ಲಿದ್ದರೆ ರಾತ್ರಿ ಕಾಲ್ ಪೂರ್ತಿ ತಪ್ಪುವುದಿಲ್ಲ. ಆಗ ಸರದಿ ಹಾಕಿ, ಹುಡುಗರನ್ನೂ ಸೇರಿಸಿ. ಮಾರನೇ ದಿನ ತಡವಾಗಿ ಬರುವುದು ಹೇಗೆಂದು ಅವರೇ ನಿಮಗೆ ಕಲಿಸುತ್ತಾರೆ.

ಸರ್ವೇ ತುಂಬಿ. ಆದರೆ ಹುಷಾರು. ಹೆಸರು ಕೇಳದಿದ್ದರೂ ಟೀಮ್ ಯಾವುದು, ಸರ್ವೀಸ್ ಎಷ್ಟು ಅಂತ ಕೇಳಿದ್ದರೆ ಚಿಕ್ಕ ಟೀಮಿನಲ್ಲಿ ಯಾರೆಂದು ಊಹಿಸುವುದು ಕಷ್ಟವೇನಲ್ಲ. ನಾಳೆ ಮ್ಯಾನೇಜರ್ ಎದುರು ಕೂತು ಹೇಳಲು ಧೈರ್ಯ ಇರುವಷ್ಟನ್ನೇ ಬರೆಯಿರಿ. ‘ಕಲ್ಚರ್ ಸರಿಯಿಲ್ಲ’ ಅಂತ ಬರೆದರೆ ಎಚ್‌ಆರ್‌ನವರು ಶುಕ್ರವಾರ ಪಿಜ್ಜಾ ತರಿಸುತ್ತಾರೆ, ಅಷ್ಟೇ. ಕಳೆದ ತಿಂಗಳು ರಾತ್ರಿ ಒಂಬತ್ತರ ಮೇಲೆ ಎಷ್ಟು ಕಾಲ್ ಇತ್ತು ಅಂತ ಎಣಿಸಿ ಬರೆಯಿರಿ. ನಿಮ್ಮ ಕ್ಯಾಲೆಂಡರ್‌ನಲ್ಲೇ ಇರುತ್ತದೆ ಅಲ್ವಾ?