ಪ್ರತಿಕ್ರಿಯೆ: ಡ್ಯಾಶ್‌ಬೋರ್ಡ್ ಆಮೇಲೆ, ಮೊದಲು ಒಂದು ಶೀಟ್

ಸಕಲೇಶಪುರದ ಕಡೆ 12 ಹೋಂಸ್ಟೇಯವರು ಸೇರಿ ಬಿಸಿನೆಸ್ ಇಂಟೆಲಿಜೆನ್ಸ್ ಸಾಫ್ಟ್‌ವೇರ್ (ವ್ಯಾಪಾರದ ಲೆಕ್ಕಗಳನ್ನೆಲ್ಲ ಕೂಡಿಸಿ ಚಾರ್ಟ್, ಡ್ಯಾಶ್‌ಬೋರ್ಡ್ ಮಾಡಿ ತೋರಿಸುವಂಥದ್ದು) ಕೊಂಡರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಉಪಯೋಗ ಇದೆ, ಆದರೆ ಈಗಲೇ ದುಡ್ಡು ಹಾಕಬೇಡಿ.

ಊಟಿಯನ್ನೇ ನೋಡಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಅಲ್ಲಿ ಇ-ಪಾಸ್ ಬಂತು, ಅಂದರೆ ಹೋಗುವ ಮೊದಲೇ ಗಾಡಿಗೆ ಆನ್‌ಲೈನ್‌ನಲ್ಲಿ ಪಾಸ್ ತೆಗೆದುಕೊಳ್ಳಬೇಕು. ಮೊದಲು ಮಿತಿ ಇರಲಿಲ್ಲ, ಕೇಳಿದವರಿಗೆಲ್ಲ ಪಾಸ್. ನಮ್ಮ ಕಡೆಯಿಂದ ಹೋಗುವವರು ಸುಮ್ನೆ ತಲೆನೋವು ಅಂತ ಬೈದದ್ದೇ ಜಾಸ್ತಿ. ಆದರೆ ಎಷ್ಟು ಗಾಡಿ, ಯಾವ ದಿನ, ಎಷ್ಟು ಜನ ಅನ್ನುವ ಲೆಕ್ಕ ಸಿಕ್ಕಿದ್ದು ಅದರಿಂದಲೇ. 2025ರ ಏಪ್ರಿಲ್‌ನಿಂದ ಬೇಸಿಗೆಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ ಅಂತ ಮಿತಿ ಬಂತು. ಮೊದಲು ಎಣಿಕೆ, ಆಮೇಲೆ ತೀರ್ಮಾನ.

ಸ್ವೀಡನ್ನಿನ ಓರೆ ಅನ್ನುವ ಸ್ಕೀ ಊರಿನಲ್ಲಿ ವೆಬ್ ಹುಡುಕಾಟ, ಬುಕಿಂಗ್, ಅತಿಥಿಗಳ ಅಭಿಪ್ರಾಯ ಎಲ್ಲ ಇಂಥ ಸಾಫ್ಟ್‌ವೇರ್‌ನಲ್ಲಿ ಒಂದೇ ಕಡೆ ಕೂಡಿಸಿದರು. ಕಷ್ಟ ಇರುವುದು ಅಲ್ಲೇ. ಪಕ್ಕದ ಹೋಂಸ್ಟೇಗೆ ತನ್ನ ಬುಕಿಂಗ್ ತೋರಿಸಲು ಯಾರು ಒಪ್ಪುತ್ತಾರೆ, ಅಲ್ವಾ? ಹೆಸರು, ರೇಟು ಬಿಟ್ಟು ಉಳಿದದ್ದು ಕೊಡಿ ಅಂದರೆ ಒಪ್ಪಬಹುದು.

ನಮ್ಮ ಅಕ್ಕ ಬುಕಿಂಗ್‌ಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆಯುತ್ತಿದ್ದಳು. ಗೂಗಲ್ ಶೀಟ್‌ಗೆ ಹಾಕಿದ್ದು ಐದೇ ಕಾಲಂ: ಬುಕ್ ಮಾಡಿದ ದಿನ, ಬರುವ ದಿನ, ಎಷ್ಟು ರಾತ್ರಿ, ಯಾವ ಊರು, ಕ್ಯಾನ್ಸಲ್ ಆಯಿತಾ. ಮಳೆಗಾಲದ ಅತಿಥಿಗಳು ಬಹುತೇಕ ಗುರುವಾರ ರಾತ್ರಿ ಬುಕ್ ಮಾಡುತ್ತಾರೆ ಅಂತ ಆಗ ಗೊತ್ತಾಯಿತು. ತಿಂಗಳ ಮೊದಲೇ ಹಾಕುತ್ತಿದ್ದ ಇನ್‌ಸ್ಟಾಗ್ರಾಂ ಜಾಹೀರಾತನ್ನು ಬುಧವಾರಕ್ಕೆ ತಂದಳು.

ನೀವೂ ಒಂದು ಮಳೆಗಾಲ, ಒಂದು ಡಿಸೆಂಬರ್ ಹೀಗೆ ಬರೆದಿಡಿ. ಆ ಶೀಟನ್ನು ಗೂಗಲ್‌ನದೇ ಚಾರ್ಟ್ ಟೂಲ್ ಆದ ಲುಕರ್ ಸ್ಟುಡಿಯೋಗೆ ಜೋಡಿಸಿದರೆ ಚಾರ್ಟ್ ಪುಕ್ಕಟೆ ಬರುತ್ತದೆ.