ಮನೆಯಲ್ಲೇ ಸ್ಟೀಮ್ ಬಾತ್: ಬೇಕಾ, ಬೇಡ್ವಾ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಹನ್ನೆರಡು ವರ್ಷದ ಹಳೇ ಫ್ಲಾಟ್. ಬೆಡ್‌ರೂಮಿನ ಬಾತ್‌ರೂಮ್ ಸೋರುತ್ತಿದೆ, ಟೈಲ್ಸ್ ಕಿತ್ತು ಹೊಸದಾಗಿ ಮಾಡಿಸಬೇಕು. ಅಳತೆ 8 ಅಡಿಗೆ 5 ಅಡಿ, ಎತ್ತರ 9 ಅಡಿ. ಹೇಗೂ ಕೈ ಹಾಕಿದ್ದೀವಿ, ಜೊತೆಗೆ ಸ್ಟೀಮ್ ಶವರ್ ಕೂಡ ಹಾಕಿಸೋಣ ಅಂತ ನಮ್ಮ ಯಜಮಾನರ ಆಸೆ. ಅವರಿಗೆ ಸೈನಸ್ ಕಾಟ ಇದೆ. ಅತ್ತೆಗೆ 70 ವರ್ಷ, ಬಿಪಿ ಮಾತ್ರೆ ತಗೋತಾರೆ, ಮಂಡಿನೋವೂ ಇದೆ. ಅಂಗಡಿಯವರು 6 ಕಿಲೋವ್ಯಾಟ್ ಮಷಿನ್ ಸಾಕು, ಎರಡು ದಿನದ ಕೆಲಸ ಅಂತಾರೆ. ನೀರು ಬೋರ್‌ವೆಲ್‌ದು. ಹಾಕಿಸಬಹುದಾ?
(ಓದುಗರು, ಬೆಂಗಳೂರು)

ಉತ್ತರ: ಟೈಲ್ಸ್ ಕೀಳುವ ಮೊದಲೇ ಕೇಳಿದ್ದು ಒಳ್ಳೇದಾಯಿತು. ನೇರವಾಗಿ ಹೇಳಿಬಿಡುತ್ತೇನೆ. ಮಷಿನ್ ಈಗ ಕೊಳ್ಳಬೇಡಿ. ಆದರೆ ಗೋಡೆ ತೆರೆದಿರುವಾಗಲೇ ಅದಕ್ಕೆ ಬೇಕಾದ ವೈರು, ಪೈಪು, ವಾಟರ್‌ಪ್ರೂಫಿಂಗ್ ಎಲ್ಲ ಹಾಕಿಸಿಬಿಡಿ. ಆರು ತಿಂಗಳು ಬಿಟ್ಟು ಮಷಿನ್ ತಂದು ಜೋಡಿಸುವುದು ಸುಲಭ. ಟೈಲ್ಸ್ ಕೂತ ಮೇಲೆ ಮತ್ತೆ ಗೋಡೆ ಒಡೆಸೋದು ಯಾರಿಗೂ ಬೇಡ.

ಮೊದಲು ಅಳತೆ ನೋಡೋಣ. ನಿಮ್ಮ ಇಡೀ ಬಾತ್‌ರೂಮ್ 360 ಘನ ಅಡಿ, ಅಂದರೆ ಸುಮಾರು 10 ಘನ ಮೀಟರ್. ಟೈಲ್ಸ್ ಗೋಡೆಯಾದರೆ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಬೇಕು ಅಂತ ಇಟ್ಟುಕೊಳ್ಳಿ. ಗ್ರಾನೈಟ್ ಅಥವಾ ಮಾರ್ಬಲ್ ಆದರೆ ಕಲ್ಲೇ ಬಿಸಿ ಕುಡಿಯುವುದರಿಂದ ಇನ್ನೂ ಜಾಸ್ತಿ. ಹಾಗಾಗಿ ಇಡೀ ರೂಮಿಗೆ 6 ಕಿಲೋವ್ಯಾಟ್ ಸಾಲದು. ಅರ್ಧ ಗಂಟೆ ಕಾದರೂ ಮೈಗೆ ಉಗುರುಬೆಚ್ಚಗಿನ ಮಂಜು ತಾಗಿದ ಹಾಗಿರುತ್ತದೆ, ಅಷ್ಟೇ. ಅದರ ಬದಲು ಮೂಲೆಯಲ್ಲಿ 4 ಅಡಿಗೆ ಮೂರೂವರೆ ಅಡಿ ಜಾಗವನ್ನು ಗಾಜಿನಿಂದ ಮುಚ್ಚಿ, ಏಳೂವರೆ ಅಡಿ ಎತ್ತರಕ್ಕೆ ಮೇಲ್ಛಾವಣಿ ಕೊಟ್ಟರೆ 3 ಘನ ಮೀಟರ್ ಆಯಿತು. ಅದಕ್ಕೆ ನಾಲ್ಕೂವರೆ ಕಿಲೋವ್ಯಾಟ್ ಧಾರಾಳ.

ಆ ಮೇಲ್ಛಾವಣಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಎಲ್ಲರೂ ಎಡವುವುದು ಅಲ್ಲೇ. ಹಬೆ ಮೇಲಕ್ಕೆ ಹೋಗುತ್ತದೆ, ತಣ್ಣಗಿನ ಜಾಗ ಸಿಕ್ಕ ತಕ್ಷಣ ನೀರಾಗುತ್ತದೆ. ಛಾವಣಿ ಸಮತಟ್ಟಾಗಿದ್ದರೆ ತಣ್ಣನೆ ಹನಿ ನೆತ್ತಿ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಅಡಿಗೆ ಒಂದಿಂಚಿನಷ್ಟಾದರೂ ಇಳಿಜಾರು ಕೊಟ್ಟು, ನೀರು ಗೋಡೆಗುಂಟ ಇಳಿಯುವ ಹಾಗೆ ಮಾಡಬೇಕು. ಪರಿಚಯದವರ ಮನೆಯೊಂದರಲ್ಲಿ ಸ್ಟೀಮ್ ಹಾಕಿಸಿ ಒಂದೂವರೆ ವರ್ಷ ಆಗಿತ್ತು, ವಾಸನೆ ಬರುತ್ತಿದೆ ಬಂದು ನೋಡಿ ಅಂತ ಕರೆದರು. ಮೇಲೆ ಸಾಮಾನ್ಯ ಜಿಪ್ಸಮ್ ಫಾಲ್ಸ್ ಸೀಲಿಂಗ್. ಬೆರಳಲ್ಲಿ ಒತ್ತಿದೆ, ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಒಳಗೆ ಹೋಯಿತು. ಆ ಗೋಡೆಯ ಆಚೆ ಬದಿ ಬೆಡ್‌ರೂಮಿನ ವಾರ್ಡ್‌ರೋಬ್. ಬಟ್ಟೆ ಸರಿಸಿ ನೋಡಿದರೆ ಹಿಂದಿನ ಪ್ಲೈವುಡ್ ಪೂರ್ತಿ ಬೂಷ್ಟು, ಆ ಮನೆಯಾಕೆಯ ಮದುವೆ ಸೀರೆಯ ಜರಿ ಅಂಚಿನ ಮೇಲೂ ಕಪ್ಪು ಚುಕ್ಕೆ. ಅವರು ಸೀರೆ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತಿದ್ದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಹಾಗಾಗಬಾರದು ಅಂದರೆ ವಾಟರ್‌ಪ್ರೂಫಿಂಗ್ ನೆಲಕ್ಕೆ ಮತ್ತು ಮೊಣಕಾಲೆತ್ತರಕ್ಕೆ ಮಾತ್ರ ಹೊಡೆದು ಬಿಡುವುದಲ್ಲ, ನಾಲ್ಕೂ ಬದಿಗೆ, ಛಾವಣಿಗೂ, ಟೈಲ್ಸ್ ಹಿಂದೆ ಪೂರ್ತಿ ಬರಬೇಕು. ಬಾಗಿಲು ಛಾವಣಿ ಮುಟ್ಟುವ ಹಾಗಿದ್ದು ಹಬೆ ಆಚೆ ಹೋಗಬಾರದು. ಹೊರಗಿನ ಬಾತ್‌ರೂಮಿಗೆ ಗಾಳಿಯನ್ನು ಮನೆಯಾಚೆಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಹಬೆ ಬರುವ ಪೈಪು ತಾಮ್ರದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ಇರಲಿ, ನೀರಿಗೆ ಹಾಕುವ ಸಿಪಿವಿಸಿ ಪೈಪಿನಲ್ಲಿ ಹಬೆ ಬಿಡಲು ಹೋಗಬೇಡಿ. ಹಬೆಯ ಬಾಯಿ ನೆಲದಿಂದ ಅರ್ಧ ಅಡಿಯಿಂದ ಒಂದು ಅಡಿ ಮೇಲೆ, ಕೂರುವ ಜಾಗಕ್ಕೆ ದೂರ. ಅಲ್ಲಿ ಕಾಲು ತಾಗಿದರೆ ಸುಟ್ಟೇ ಸುಡುತ್ತದೆ. ಇಷ್ಟೆಲ್ಲ ಎರಡು ದಿನದಲ್ಲಿ ಆಗುತ್ತದೆ ಅಂದವರ ಮಾತು ನಂಬಬೇಡಿ, ವಾಟರ್‌ಪ್ರೂಫಿಂಗ್ ಒಣಗುವುದಕ್ಕೇ ಅಷ್ಟು ದಿನ ಬೇಕು.

ಇನ್ನು ಕರೆಂಟು. ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಎಷ್ಟೋ ಫ್ಲಾಟುಗಳಲ್ಲಿ 3 ಕಿಲೋವ್ಯಾಟ್ ಇರುತ್ತದೆ. ನಾಲ್ಕೂವರೆ ಕಿಲೋವ್ಯಾಟ್ ಮಷಿನ್ ಒಂದೇ ಸುಮಾರು 20 ಆಂಪ್ಸ್ ಎಳೆಯುತ್ತದೆ, ಗೀಸರಿನ 16 ಆಂಪ್ಸ್ ಪಾಯಿಂಟಿಗೆ ಸಿಕ್ಕಿಸುವಂಥದ್ದಲ್ಲ. ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ತಾಮ್ರದ ವೈರು, ಬೇರೆ ಎಂಸಿಬಿ, 30 ಮಿಲಿಆಂಪ್ಸಿನ ಆರ್‌ಸಿಸಿಬಿ (ಕರೆಂಟು ಸೋರಿದ ತಕ್ಷಣ ತಾನೇ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಬೇಕು. ನೀರಿನಲ್ಲಿ ನಿಲ್ಲುವ ಜಾಗ ಇದು, ಇದರಲ್ಲಿ ಉಳಿತಾಯ ಮಾಡಲೇಬೇಡಿ. ಲೋಡ್ ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ, ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ, ಎರಡನ್ನೂ ಮೊದಲೇ ವಿಚಾರಿಸಿ. ಖರ್ಚು ಹೇಗೆ ಅಂದ್ರೆ, ಬಿಸಿಯಾಗುವ ಹೊತ್ತೂ ಸೇರಿ 25 ನಿಮಿಷಕ್ಕೆ ಹತ್ತಿರ ಹತ್ತಿರ 2 ಯೂನಿಟ್. ತಿಂಗಳಿಗೆ 20 ಸಲ ಆದರೆ 40 ಯೂನಿಟ್. ನೀವು ಗೃಹಜ್ಯೋತಿಯಲ್ಲಿದ್ದು ಈಗ 170 ಯೂನಿಟ್ ಉರಿಸುತ್ತಿದ್ದರೆ 200 ದಾಟುತ್ತೀರಿ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು ಅನ್ನೋದು ನೆನಪಿರಲಿ.

ನೀರು ಹೆಚ್ಚು ಖರ್ಚಾಗುತ್ತದೆ ಅನ್ನೋ ಭಯ ಬೇಡ, ಒಂದು ಸಲಕ್ಕೆ ಎರಡು ಲೀಟರ್ ಆಸುಪಾಸು. ತೊಂದರೆ ಇರೋದು ಗಡಸುತನದಲ್ಲಿ. ನೀರು ಹಬೆಯಾಗಿ ಹೋಗುತ್ತದೆ, ಅದರಲ್ಲಿದ್ದ ಸುಣ್ಣ ಅಷ್ಟೂ ಒಳಗೇ ಉಳಿಯುತ್ತದೆ. ನಿಮ್ಮ ಗೀಸರಿನ ಕಾಯಿಲ್ ಬಿಚ್ಚಿಸಿದಾಗ ಬಿಳಿ ಹಕ್ಕಳೆ ಕಟ್ಟಿರುವುದನ್ನು ನೋಡಿರುತ್ತೀರಿ. ಗೀಸರ್ ನೀರು ಬರೀ ಬಿಸಿ ಮಾಡುತ್ತದೆ, ಇದು ಕುದಿಸಿ ಆರಿಸುತ್ತದೆ, ಹಾಗಾಗಿ ಇಲ್ಲಿ ಹಕ್ಕಳೆ ಇನ್ನೂ ಬೇಗ ಕಟ್ಟುತ್ತದೆ. ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಇಲ್ಲದೆ ಮಷಿನ್ ಹಾಕಿಸಬೇಡಿ. ಪ್ರತಿ ಸಲ ಮುಗಿದ ಮೇಲೆ ಟ್ಯಾಂಕಿನ ನೀರನ್ನು ತಾನೇ ಹೊರಗೆ ಬಿಡುವಂಥ ಮಷಿನನ್ನೇ ಕೇಳಿ.

ಈಗ ಮುಖ್ಯವಾದದ್ದು, ಯಾರಿಗೋಸ್ಕರ ಇದೆಲ್ಲ? ಅತ್ತೆಗೆ ಅಂತ ಮನಸ್ಸಿನಲ್ಲಿದ್ದರೆ ದಯವಿಟ್ಟು ಡಾಕ್ಟರನ್ನು ಕೇಳದೆ ಒಳಗೆ ಕೂರಿಸಬೇಡಿ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಮಾತ್ರೆಯೂ ಅದೇ ಕೆಲಸ ಮಾಡುತ್ತಿರುತ್ತದೆ. ಎದ್ದು ನಿಂತಾಗ ತಲೆ ಸುತ್ತಿದರೆ ಬೀಳುವುದು ಒದ್ದೆ ಟೈಲ್ಸ್ ಮೇಲೆ. ಎಣ್ಣೆ ಹಚ್ಚಿಕೊಂಡಿದ್ದರಂತೂ ಕೇಳಬೇಡಿ. ಮಂಡಿಗೆ ಬಿಸಿನೀರಿನ ಚೀಲದ ಶಾಖ ಸಾಕು, ಅದನ್ನು ಮಂಚದ ಮೇಲೆ ಕೂತೇ ತಗೋಬಹುದು. ಯಜಮಾನರ ಸೈನಸ್ಸಿಗೆ ಹಬೆಯಿಂದ ಆ ಹೊತ್ತಿಗೆ ಹಾಯೆನಿಸುತ್ತದೆ, ನಿಜ. ಕಾಯಿಲೆ ಅದರಿಂದ ಹೋಗುವುದಿಲ್ಲ. ತೂಕ ಇಳಿಯುತ್ತದೆ ಅಂತಲೂ ಅಂಗಡಿಯಲ್ಲಿ ಹೇಳಿರಬಹುದು. ಇಳಿಯುವುದು ಬೆವರಿನ ನೀರು, ಎರಡು ಲೋಟ ನೀರು ಕುಡಿದರೆ ವಾಪಸ್.

ಹಾಗಂತ ಇದು ಬೇಡದ ವಸ್ತು ಅಂತ ನಾನು ಹೇಳುತ್ತಿಲ್ಲ. ದಿನವಿಡೀ ಕೆಲಸ ಮಾಡಿ ಬಂದವರಿಗೆ 43 ಡಿಗ್ರಿ ಹಬೆಯಲ್ಲಿ ಹತ್ತು ನಿಮಿಷ ಕೂತರೆ ಹೆಗಲು ಸಡಿಲವಾಗುವ ಸುಖ ಇದೆಯಲ್ಲ, ಅದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ನೀವು ಅದನ್ನು ನಿಜವಾಗಲೂ ಬಳಸುತ್ತೀರಾ ಅಂತ ಮೊದಲು ತಿಳ್ಕೊಳ್ಳಿ. ಮಡಚಿಡುವ ಸ್ಟೀಮ್ ಟೆಂಟ್ ಸಿಗುತ್ತದೆ, ಒಳಗೆ ಕುರ್ಚಿ ಹಾಕಿಕೊಂಡು ಕೂರುವಂಥದ್ದು, ಒಂದು ಕಿಲೋವ್ಯಾಟ್ ಆಸುಪಾಸಿನ ಪಾತ್ರೆ, ಬೆಲೆ ಕೆಲವೇ ಸಾವಿರ. ತಲೆ ಹೊರಗಿರುತ್ತದೆ, ನಮ್ಮ ಆಯುರ್ವೇದದವರ ಸ್ವೇದನ ಪೆಟ್ಟಿಗೆಯ ಹಾಗೆಯೇ. ಸೈನಸ್ಸಿಗೆ ಇದು ಆಗುವುದಿಲ್ಲ, ಮೈಕೈ ಹಗುರಾಗಲಿಕ್ಕೆ ಆಗುತ್ತದೆ. ಮೂರು ತಿಂಗಳು ಯಜಮಾನರು ವಾರಕ್ಕೆ ಮೂರು ಸಲ ಅದರಲ್ಲಿ ಕೂತರೆ ಧೈರ್ಯವಾಗಿ ಮಷಿನ್ ತನ್ನಿ. ಅಟ್ಟ ಸೇರಿದರೆ ಉತ್ತರ ಸಿಕ್ಕ ಹಾಗೆ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಿದ್ದೇವೆ. ಹಂಡೆ, ಒಲೆ ಇರುವ ಬಚ್ಚಲು ತೆಗೆದು ಅಲ್ಲಿ ಸ್ಟೀಮ್ ರೂಮ್ ಮಾಡೋಣ ಅಂತ ಮಗಳು ಹೇಳುತ್ತಾಳೆ. ನಿಮ್ಮ ಅಭಿಪ್ರಾಯ?
(ಓದುಗರು, ಶಿವಮೊಗ್ಗ ಜಿಲ್ಲೆ)

ಉತ್ತರ: ಬಚ್ಚಲು ತೆಗೆಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ನಾನು ಬೆಳೆದದ್ದು ಅಂಥ ಬಚ್ಚಲಿನಲ್ಲೇ. ಆಷಾಢದ ಮಳೆಯಲ್ಲಿ ಶಾಲೆಯಿಂದ ನೆನೆದು ಬಂದರೆ ಅಜ್ಜಿ ತಾಮ್ರದ ಹಂಡೆಯಿಂದ ಮೊಗೆದು ಬೆನ್ನಿಗೆ ಸುರಿಯುತ್ತಿದ್ದರು, ಹಬೆಗೆ ಅವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ, ಬಳೆ ಸದ್ದು ಮಾತ್ರ ಕೇಳುತ್ತಿತ್ತು. ಅಡಿಕೆ ಸಿಪ್ಪೆಯೋ ತೋಟದ ಸೌದೆಯೋ ನಿಮಗೆ ಹೇಗೂ ಇದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ಟೀಮ್ ಮಷಿನ್ ಸುಮ್ಮನೆ ಕೂರುತ್ತದೆ, ಮನೆಯ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ, ಒಲೆಗೆ ಆ ಚಿಂತೆ ಇಲ್ಲ. ಒದ್ದೆ ಬಟ್ಟೆಯೂ ಅದರ ಬಿಸಿಗೇ ಒಣಗಬೇಕು ಅಲ್ವಾ? ಹೊಗೆ ಹೋಗಲು ಚಿಮಣಿ ಎತ್ತರಕ್ಕೆ ಕಟ್ಟಿಸಿ, ಒಲೆಯ ಬಾಯಿ ಹೊರಗಿನಿಂದ ಉರಿ ಹಾಕುವ ಹಾಗಿರಲಿ. ಮಗಳ ಆಸೆಗೆ ಬೇರೆ ಬಾತ್‌ರೂಮಿನಲ್ಲಿ ಮೇಲೆ ಹೇಳಿದ ಹಾಗೆ ವೈರು, ಪೈಪು ಹಾಕಿಸಿಡಿ, ಅವಳಿಗೂ ಬೇಜಾರಾಗಬಾರದು.

ಪ್ರಶ್ನೆ: ನನ್ನ ಮಗ ಬಾತ್‌ರೂಮಿನಲ್ಲಿ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಗ್ಯಾಸ್ ಗೀಸರ್ ಹಚ್ಚಿ, ಶವರ್ ಬಿಸಿನೀರು ಬಿಟ್ಟು ಹಬೆ ತುಂಬಿಸಿಕೊಳ್ಳುತ್ತಾನೆ. ಇದೂ ಸ್ಟೀಮ್ ಬಾತೇ ಅಂತಾನೆ. ಮಾಡಬಹುದಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಇವತ್ತೇ ನಿಲ್ಲಿಸಿ. ಗೀಸರ್ ಬಾತ್‌ರೂಮಿನ ಒಳಗಿದ್ದರೆ, ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದಾಗ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ ಆಯಿತು, ವಾಕರಿಕೆ ಬಂತು ಅನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ. ನಮ್ಮ ರಾಜ್ಯದಲ್ಲೇ ಹೀಗೆ ಎಷ್ಟೋ ಜನ ಸ್ನಾನಕ್ಕೆ ಹೋದವರು ಹೊರಗೆ ಬಂದಿಲ್ಲ. ಪ್ಲಂಬರ್ ಕರೆಸಿ ಗೀಸರನ್ನೂ ಸಿಲಿಂಡರನ್ನೂ ಹೊರಗಿನ ಗೋಡೆಗೆ, ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಅಲ್ಲಿಯವರೆಗೆ ಬಾಗಿಲು, ಕಿಟಕಿ ತೆಗೆದಿಟ್ಟೇ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಐದು ನಿಮಿಷ ಗಾಳಿಯಾಡಲು ಬಿಟ್ಟು ಆಮೇಲೆ ಮಗನನ್ನು ಸ್ನಾನಕ್ಕೆ ಕಳಿಸಿ. ಚಿಲಕ ಹಾಕಿಕೊಳ್ಳುವುದು ಬೇಡ ಅಂತಲೂ ಹೇಳಿ.