ನನ್ನ ಓಟು ಮೂರನೇ ಸೀಸನ್ನಿಗೆ

ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ಕಥೆ ಹೇಳುವ ಅಮೆರಿಕನ್ ಟಿವಿ ಸರಣಿ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್'ನಲ್ಲಿ ಮೂರನೇ ಸೀಸನ್ ಚೆನ್ನಾಗಿದೆಯೋ ಐದನೆಯದೋ ಎಂದು ಕೇಳಿದ್ದೀರಿ. ನಾನಂತೂ ಮೂರನೆಯದರ ಪಕ್ಷ.

1989ರಲ್ಲಿ ಮೈಕೆಲ್ ಪಿಲ್ಲರ್ ಬರವಣಿಗೆಯ ಹೊಣೆ ಹೊತ್ತ ಮೇಲೆ ಕಥೆಗಳು ಪಾತ್ರಗಳ ಒಳಗಿನಿಂದ ಹುಟ್ಟತೊಡಗಿದವು. 'ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್' ಕಂತನ್ನೇ ನೋಡಿ. ಹಳೆಯ ಹಡಗೊಂದು ಕಾಲದ ಬಿರುಕಿನಿಂದ ಹೊರಬಂದ ಕ್ಷಣವೇ ಜಗತ್ತು ಬದಲಾಗುತ್ತದೆ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ಬೆಳಕು ಮಂಕು, ಎಲ್ಲರೂ ಯುದ್ಧದಲ್ಲಿ, ಸತ್ತುಹೋಗಿದ್ದ ಭದ್ರತಾ ಅಧಿಕಾರಿ ಟಾಶಾ ಯಾರ್ ಎದುರಿಗೇ ನಿಂತಿದ್ದಾಳೆ. ಏನೋ ಸರಿಯಿಲ್ಲ ಅಂತ ಅನ್ನಿಸುವುದು ಹಡಗಿನ ಬಾರ್ ನಡೆಸುವ ಗೈನನ್ ಒಬ್ಬಳಿಗೇ. ಯಾರೂ ಕೂತು ವಿವರಿಸುವುದಿಲ್ಲ, ಆ ಮಂಕು ಬೆಳಕೇ ಎಲ್ಲ ಹೇಳಿಬಿಡುತ್ತದೆ. ಕೊನೆಯ ಕಂತಿನಲ್ಲಿ ಬೋರ್ಗ್ ಎಂಬ ಅರೆಯಂತ್ರ ಶತ್ರುಗಳಲ್ಲಿ ಒಬ್ಬನಾಗಿಹೋದ ಕ್ಯಾಪ್ಟನ್ ಪಿಕಾರ್ಡ್ ಪರದೆಯ ಮೇಲಿದ್ದಾಗಲೇ ಅವನ ಸಹಾಯಕ ಅಧಿಕಾರಿ ರೈಕರ್ ದಾಳಿಗೆ ಆಜ್ಞೆ ಕೊಡುತ್ತಾನೆ. ಅಲ್ಲಿಗೇ ಸೀಸನ್ ಮುಗಿಯುತ್ತದೆ!

ಐದನೆಯದರಲ್ಲಿ 'ದಿ ಇನ್ನರ್ ಲೈಟ್' ಇದೆ, ಒಪ್ಪುತ್ತೇನೆ. ಅರ್ಧ ಗಂಟೆಯೊಳಗೆ ಪಿಕಾರ್ಡ್ ಇನ್ನೊಬ್ಬನ ಇಡೀ ಬದುಕು ಬಾಳಿಬಿಡುತ್ತಾನೆ, ಕೊಳಲು ಕಲಿಯುತ್ತಾನೆ, ಮೊಮ್ಮಗನನ್ನೂ ಕಾಣುತ್ತಾನೆ. ಇಡೀ ಸರಣಿಯಲ್ಲಿ ನನಗೆ ಅದಕ್ಕಿಂತ ಇಷ್ಟದ ಕಂತು ಬೇರೆ ಇಲ್ಲ. ಆದರೆ ಸೀಸನ್ ಅಂದರೆ ಒಂದೇ ಕಂತಲ್ಲ ಅಲ್ವಾ? ಮೂರನೆಯದರಲ್ಲಿ ಒಳ್ಳೆಯ ಕಂತುಗಳು ಒಂದರ ಹಿಂದೊಂದು ಬರುತ್ತವೆ.

ಹೊಸದಾಗಿ ಶುರುಮಾಡುವುದಾದರೆ ಎರಡನೇ ಸೀಸನ್ನಿನ 'ಕ್ಯೂ ಹೂ' ಮಾತ್ರ ಬಿಡಬೇಡಿ. ಬೋರ್ಗ್ ಮೊದಲು ಕಾಣಿಸಿಕೊಳ್ಳುವುದು ಅಲ್ಲೇ.